ಗ್ಲೆನಿಸ್ ಪ್ಯಾಸ್ಕೋ ಹುಡುಕಿದ ವಕೀಲೆ

ಗ್ಲೆನಿಸ್ ಪ್ಯಾಸ್ಕೋ ನಲವತ್ತೊಂದು ವರ್ಷ ನನ್ನ ವಕೀಲಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವಳು ಯಾರ ಉಯಿಲಿಗೂ ಕ್ಲಿಪ್ಪು ಹಾಕಲಿಲ್ಲ. ಹೊರಗಿನವರಿಗೆ ಇದೊಂದು ಹೆಚ್ಚುಗಾರಿಕೆಯಾಗಿ ಕಾಣಲಿಕ್ಕಿಲ್ಲ. ಸತ್ತವರ ಉಯಿಲನ್ನು ನ್ಯಾಯಾಲಯಕ್ಕೆ ಒಪ್ಪಿಸಿದಾಗ ಕಾಗದದ ಮೂಲೆಯಲ್ಲಿ ಕ್ಲಿಪ್ಪಿನ ಗುರುತು ಕಂಡರೆ, ಇದರ ಜೊತೆಗೆ ಇನ್ನೊಂದು ಹಾಳೆ ಇತ್ತೇ, ಅದನ್ನು ಕಿತ್ತವರು ಯಾರು ಎಂದು ಅಲ್ಲಿ ಕೇಳುತ್ತಾರೆ. ಆಮೇಲೆ ಪ್ರಮಾಣ ಮಾಡಿ, ಒಂದು ತುಕ್ಕಿನ ಗೆರೆಯ ಚರಿತ್ರೆಯನ್ನು ಬರೆದುಕೊಡಬೇಕಾಗುತ್ತದೆ. ಗ್ಲೆನಿಸ್ ನನಗೆ ಅಂಥ ಒಂದು ಸಾಲನ್ನೂ ಬರೆಯುವ ಪ್ರಮೇಯ ತರಲಿಲ್ಲ. ನಾನು ಜನರನ್ನು ಹೊಗಳುವುದು ಕಡಿಮೆ. ಇದನ್ನು ಹೊಗಳಿಕೆಯೆಂದೇ ಓದಿಕೊಳ್ಳಬಹುದು.

ಅವಳು ಕುರಿಗಳ ಉಣ್ಣೆ ಕತ್ತರಿಸುವವನ ಮಗಳು. ಇಪ್ಪತ್ತನೆಯ ವಯಸ್ಸಿನಲ್ಲಿ ಬೆರಳಚ್ಚು ಕಲಿತು, ವಿರ್ರಬಿಲ್ಲ ಎಂಬ ಒಳನಾಡಿನ ಊರಿನ ನಮ್ಮ ಕಚೇರಿಗೆ ಬಂದಳು. ಗಂಡ ಮರ್ವ್ ಪುರಸಭೆಯ ಯಂತ್ರ ಓಡಿಸಿ ಮಣ್ಣಿನ ರಸ್ತೆಗಳನ್ನು ಸಮ ಮಾಡುವವನು. ನಮ್ಮ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಉಯಿಲುಗಳಿದ್ದವು. ಅವನ್ನು ನನ್ನ ತಂದೆ ಅಕ್ಷರಕ್ರಮದಲ್ಲಿ ಇಟ್ಟಿದ್ದರು. ಗ್ಲೆನಿಸ್ ಬಂದ ಎರಡನೆಯ ವರ್ಷವೇ ಎಲ್ಲವನ್ನೂ ಕೆಳಗಿಳಿಸಿ ರಸ್ತೆಗಳ ಪ್ರಕಾರ ಜೋಡಿಸಿದಳು. ಕೇಳಿದಾಗ, "ಹೆಂಗಸ್ರು ಮದ್ವೆಯಾಗಿ ಹೆಸರು ಬದಲಾಯಿಸ್ತಾರೆ, ಬಿಟ್ಟು ಇನ್ನೊಬ್ರನ್ನ ಕಟ್ಕೊಂಡು ಮತ್ತೆ ಬದಲಾಯಿಸ್ತಾರೆ. ರಸ್ತೆ ಎಲ್ಲಿಗೆ ಹೋಗುತ್ತೆ ಮಿಸ್ ಹ್ಯಾಲಮ್?" ಎಂದಳು. ಮರ್ವ್ ಸಮ ಮಾಡದ ರಸ್ತೆ ಆ ಸೀಮೆಯಲ್ಲಿ ಇರಲಿಲ್ಲವಾದ್ದರಿಂದ ಅವಳಿಗೆ ತಿಳಿಯದ ರಸ್ತೆಯೂ ಇರಲಿಲ್ಲ. ಯಾರಾದರೂ ಸತ್ತರೆ, ಅವರ ಮನೆಯವರು ಬಾಯಿ ತೆರೆಯುವ ಮೊದಲೇ ಲಕೋಟೆ ಮೇಜಿನ ಮೇಲಿರುತ್ತಿತ್ತು.

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನನ್ನ ಬಲಗಣ್ಣು ಸಣ್ಣಕ್ಷರವನ್ನು ಓದಲು ಒಪ್ಪಲಿಲ್ಲ. ಓದದೆ ಸಹಿ ಹಾಕುವ ವಕೀಲೆಯಾಗಲು ನಾನು ಒಪ್ಪಲಿಲ್ಲ. ನಮ್ಮ ಪರವಾನಗಿ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಈ ಸಲ ಮುಂದುವರಿಸುವುದಿಲ್ಲವೆಂದು ಹೇಳಿದೆ. ಅಷ್ಟರೊಳಗೆ ಬೇರೊಬ್ಬ ವಕೀಲರು ಸಿಕ್ಕದಿದ್ದರೆ ಕಚೇರಿ ಮುಚ್ಚಬೇಕು. ದೂರದ ನಗರದ ಒಂದು ಸಂಸ್ಥೆ ಉಯಿಲುಗಳನ್ನು ಸಾಗಿಸಲು ಲಾರಿ ಕಳಿಸುತ್ತೇನೆಂದು ಆಗಲೇ ಬರೆದಿತ್ತು.

"ಲಾರೀಲಾ?" ಎಂದಳು ಗ್ಲೆನಿಸ್. "ಕ್ರಮ ತಪ್ಪಿ ಹೋಗುತ್ತೆ."

"ಅಕ್ಷರಕ್ರಮದಲ್ಲಿ ಇಟ್ಟುಕೊಳ್ಳುತ್ತಾರೆ."

"ಅದನ್ನೇ ಹೇಳಿದ್ದು ನಾನು," ಎಂದು ಅವಳು ಕಬ್ಬಿಣದ ಬಾಗಿಲನ್ನು, ಅದು ತೆರೆದೇ ಇರದಿದ್ದರೂ, ಇನ್ನೊಮ್ಮೆ ತಳ್ಳಿ ನೋಡಿದಳು. ತನ್ನ ಕೆಲಸ ಹೋಗುತ್ತದೆಂದು ಅವಳು ಒಮ್ಮೆಯೂ ಹೇಳಲಿಲ್ಲ.

ಹೊಸಬರನ್ನು ಹುಡುಕುವ ಕೆಲಸ ಅದಕ್ಕೂ ಮೂರು ವರ್ಷ ಮೊದಲಿನಿಂದ ನಡೆದಿತ್ತು. ನಮ್ಮಲ್ಲಿ ಸಂದರ್ಶನವೆಂದರೆ ಹತ್ತು ಗಂಟೆಯ ಚಹಾ. ಬಂದವರಿಗೆ ತೆಳು ಅಂಚಿನ ಅತಿಥಿ ಕಪ್ಪಿನಲ್ಲಿ ಚಹಾ ಕೊಟ್ಟು, ಗ್ಲೆನಿಸ್ ಒಂದು ಹಳೆಯ ಉಯಿಲಿನ ನಕಲನ್ನೂ ಒಂದು ಪತ್ರವನ್ನೂ ಒಂದು ಕ್ಲಿಪ್ಪನ್ನೂ ಮೇಜಿನ ಮೇಲೆ ಬಿಟ್ಟು, "ಇದನ್ನ ಸ್ವಲ್ಪ ಕಳಿಸೋ ಹಾಗೆ ಮಾಡಿಕೊಡ್ತೀರಾ?" ಎಂದು ಒಳಗೆ ಹೋಗುತ್ತಿದ್ದಳು. ಮರಳಿ ಬಂದಾಗ ಕ್ಲಿಪ್ಪು ಉಯಿಲಿನ ಮೇಲಿದ್ದರೆ, ಎರಡನೆಯ ಬಿಸ್ಕತ್ತು ಬರುತ್ತಿರಲಿಲ್ಲ. ಕ್ಲಿಪ್ಪು ಹಾಕದೆ ಗೆದ್ದವರು ಇಬ್ಬರು. ಒಬ್ಬ ಸಮುದ್ರ ಎಷ್ಟು ದೂರವೆಂದು ಕೇಳಿ, ಉತ್ತರ ಕೇಳಿದ ವಾರವೇ ಹೊರಟ. ಇನ್ನೊಬ್ಬಳು ಹತ್ತು ವಾರ ಇದ್ದಳು. ಅಡುಗೆಕೋಣೆಯ ಗೋಡೆಯ ಮೇಲೆ ನಮ್ಮ ಕಪ್ಪುಗಳನ್ನು ತೂಗುಹಾಕುವ ಕೊಕ್ಕೆಗಳಿವೆ. ಹೊಸಬರಿಗೆ ಮೂರು ತಿಂಗಳು ಕಳೆದ ಮೇಲೆ ಕೊಕ್ಕೆಯೂ ಕಪ್ಪೂ ಸಿಗುತ್ತದೆ. ಮೂರು ವರ್ಷದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಸಿಡ್ನಿಯಲ್ಲಿ ವಕೀಲರನ್ನು ಹುಡುಕಿಕೊಡುವ ಏಜೆಂಟ್ ಒಬ್ಬನಿದ್ದ, ಬ್ರೈಸ್ ಎಂದು. ಅವನು ಕಳಿಸಿದ ಫಾರಂನಲ್ಲಿ 'ನಿಮ್ಮ ಸಂಸ್ಥೆಯ ಸಂಸ್ಕೃತಿಯನ್ನು ವಿವರಿಸಿ' ಎಂಬ ಪ್ರಶ್ನೆಯಿತ್ತು. ಗ್ಲೆನಿಸ್ ಬರೆದಳು: 'ಹತ್ತಕ್ಕೆ ಚಹಾ. ಮೂರಕ್ಕೆ ಚಹಾ. ಬಾಗಿಲನ್ನು ಮೆಲ್ಲಗೆ ಹಾಕಬೇಕು.'

ಬ್ರೈಸ್ ಫೋನ್ ಮಾಡಿದ. "ಗ್ಲೆನಿಸ್, ನಿಮ್ಮೂರಿಗೆ ಯಾರೂ ಬರಲ್ಲ. ನಾನು ಸುಳ್ಳು ಹೇಳಲ್ಲ. ಆದ್ರೆ ಅವರವರ ಮನೇಲೇ ಕೂತು ಕಂಪ್ಯೂಟರ್ ಪರದೆ ಮೇಲೆ ನಿಮ್ಮ ಕೆಲಸ ಮಾಡೋರು ಸಿಗ್ತಾರೆ. ಈಗ ಎಲ್ಲಾ ಕಡೆ ಹಾಗೇ ನಡೀತಿದೆ."

"ಎಲ್ಲಾ ಕಡೆ ಏನೇನೋ ನಡೀತಿದೆ," ಎಂದಳು ಗ್ಲೆನಿಸ್. ಫೋನಿಟ್ಟು ನನ್ನ ಕಡೆ ತಿರುಗಿದಳು. "ಜನ ನಿಜ ಹೇಳೋದು ಯಾವಾಗ? ಎಲ್ಲಾ ಮುಗಿಸಿ ಎದ್ದು, ಬಾಗಿಲ ಹಿಡಿ ಮೇಲೆ ಕೈ ಇಟ್ಟಾಗ. 'ಅಂದಹಾಗೆ' ಅಂತ ಶುರು ಮಾಡ್ತಾರಲ್ಲ, ಅದೇ ಅಸಲು. ಆ ಡಬ್ಬಕ್ಕೆ ಬಾಗಿಲೆಲ್ಲಿದೆ?"

ಆಕ್ಷೇಪಣೆ ಸರಿಯಾಗಿಯೇ ಇತ್ತು. ಆದರೆ ಆಗ ಮಾರ್ಚ್ ತಿಂಗಳು.

ಪರದೆಯ ಮೇಲೆ ಕಂಡವಳು ಸೆಲಾ ವೈಪುಲು. ಟೋಂಗಾ ಮೂಲದವಳು, ಮೂವತ್ತೆಂಟು ವಯಸ್ಸು. ಸಿಡ್ನಿಯ ದೊಡ್ಡ ಸಂಸ್ಥೆಯೊಂದರಲ್ಲಿ ಹನ್ನೆರಡು ವರ್ಷ ದುಡಿದು, ಗಂಡನಿಗೆ ಬಂದರಿನಲ್ಲಿ ಕೆಲಸ ಸಿಕ್ಕಿದ್ದರಿಂದ ಟಾಸ್ಮೇನಿಯಾ ದ್ವೀಪದ ಬರ್ನಿಗೆ ಹೋಗಿ ನೆಲೆಸಿದ್ದಳು. ಬ್ರೈಸ್ ಇನ್ನೊಂದು ಚೌಕದಲ್ಲಿ ಕೂತು ಅವಳ ಅನುಭವವನ್ನು ಪಟ್ಟಿ ಮಾಡುತ್ತಿದ್ದ. ಗ್ಲೆನಿಸ್ ನಡುವೆ ಬಾಯಿ ಹಾಕಿದಳು.

"ಕಾಲಿಗೆ ಏನ್ ಹಾಕ್ಕೊಂಡಿದೀರಮ್ಮ?"

"ಗ್ಲೆನಿಸ್, ಅಂಥದ್ದೆಲ್ಲ ಕೇಳೋ ಹಾಗಿಲ್ಲ," ಎಂದು ಬ್ರೈಸ್ ಗಾಬರಿಯಾದ.

"ಕೇಳ್ಲಿ ಬಿಡಿ," ಎಂದು ಸೆಲಾ ಒಂದು ಕಾಲನ್ನೆತ್ತಿ ಕ್ಯಾಮರಾದ ಮುಂದೆ ಹಿಡಿದಳು. ಕುರಿತುಪ್ಪಟದ ಮೆತ್ತನೆಯ ಚಪ್ಪಲಿ, ಹೆಬ್ಬೆರಳ ಹತ್ತಿರ ತೂತು. "ಮೇಲೆ ಕೋಟು, ಕೆಳಗೆ ಇದು. ಇಲ್ಲಿ ಚಳಿ ನೋಡಿ."

"ಸುಳ್ಳಂತೂ ಹೇಳಲ್ಲ," ಎಂದು ಗ್ಲೆನಿಸ್ ನನಗೆ ಹೇಳಿದಳು. ಪಿಸುಮಾತು ಎಂದುಕೊಂಡಿದ್ದಳು, ಬರ್ನಿಯವರೆಗೂ ಕೇಳಿತು.

ಆಮೇಲೆ ಪರೀಕ್ಷೆ. ಬರ್ನಿಯ ಮೇಜಿನ ಮೇಲೆ ಗ್ಲೆನಿಸ್ ಕ್ಲಿಪ್ಪು ಇಡುವಂತಿರಲಿಲ್ಲ. ಅದಕ್ಕಾಗಿ ತಾನೇ ಹಲ್ಲು ಕಚ್ಚಿಕೊಂಡು ನಕಲಿನ ಮೂಲೆಗೆ ಒಂದು ಕ್ಲಿಪ್ಪು ಸಿಕ್ಕಿಸಿ, ಪರದೆಯ ಮುಂದೆ ಎತ್ತಿ ಹಿಡಿದು, "ಇದೊಂದು ವಿಲ್ಲು. ಪೂರ್ತಿ ಕಾಣಿಸ್ತಿಲ್ಲ ಅಲ್ವಾ? ಇರಿ, ಈ ಕ್ಲಿಪ್ಪು ತೆಗೆದು ತೋರಿಸ್ತೀನಿ," ಎಂದಳು.

"ಕೈ ತೆಗೀರಿ!"

ಗ್ಲೆನಿಸ್ ಬೆಚ್ಚಿ ಕಾಗದ ಬಿಟ್ಟಳು.

"ಮುಟ್ಟಲೇಬೇಡಿ ಅದನ್ನ. ಯಾರು ಹಾಕಿದ್ದು ಆ ಕ್ಲಿಪ್ಪು? ಹಾಕಿದ್ದು ಒಂದು ತಪ್ಪು, ತೆಗೆಯೋದು ಎರಡನೇ ತಪ್ಪು. ಇದ್ದ ಹಾಗೇ ಫೋಟೋ ತೆಗೆದು, ಯಾವಾಗ, ಹೇಗೆ ಸಿಕ್ತು ಅಂತ ಬರೆದಿಡಿ. ಮಿಕ್ಕ ಮಾತೆಲ್ಲ ಆಮೇಲೆ."

ಕ್ಲಿಪ್ಪಿನ ವಿಷಯಕ್ಕೆ ನಲವತ್ತೊಂದು ವರ್ಷ ಊರಿಗೆಲ್ಲ ಬೈದವಳು ಅವತ್ತು ತಾನೇ ಬೈಸಿಕೊಂಡಳು. ಅವಳ ಕಿವಿ ಕೆಂಪಾಯಿತು. ನಾನು ನನ್ನ ಚಹಾ ಕಪ್ಪಿನೊಳಗೆ ನೋಡುತ್ತ ಕೂತೆ.

"ಕಾನೂನು ಬರುತ್ತೆ ಅವಳಿಗೆ," ಎಂದಳು ಪರದೆ ಆರಿದ ಮೇಲೆ. "ಆದ್ರೆ ಇಲ್ಲಿಲ್ವಲ್ಲ."

"ಮೂರು ತಿಂಗಳು ನೋಡು," ಎಂದೆ. "ಅವಳ ಜೊತೆ ಇರಬೇಕಾದವಳು ನೀನು, ನಾನಲ್ಲ. ಬೇಕೋ ಬೇಡವೋ ನೀನೇ ಹೇಳಬೇಕು. ಜೂನ್ ಎರಡನೆಯ ಶುಕ್ರವಾರ ಬ್ರೈಸ್‌ಗೆ ಉತ್ತರ ಹೋಗಬೇಕು. ಬೇಡವಾದರೆ ಲಾರಿಯವರಿಗೂ."

ಇಂಟರ್‌ನೆಟ್ಟಿನ ತಂತಿ ಮುಂದಿನ ಕೋಣೆಗೆ ಮಾತ್ರ ಬಂದಿತ್ತು. ನನ್ನ ಕೋಣೆಯ ಗೋಡೆ ಕಲ್ಲಿನದು. ಹೀಗಾಗಿ ಸೆಲಾಳ ಪರದೆಯನ್ನು ಮುಂದಿನ ಕೋಣೆಯಲ್ಲಿ, ಗ್ಲೆನಿಸ್‌ಳ ಚಹಾ ಮೇಜಿನ ಮೇಲೆ ಇರಿಸಿದೆವು. ಮೊದಲ ದಿನ ಹತ್ತು ಗಂಟೆಗೆ ಗ್ಲೆನಿಸ್ ತಟ್ಟೆ ತಂದಳು. ನನಗೊಂದು, ತನಗೊಂದು, ಪರದೆಯ ಮುಂದೆ ಅತಿಥಿ ಕಪ್ಪು ಒಂದು.

"ನನಗೂ ಇಟ್ರಾ?" ಎಂದಳು ಸೆಲಾ.

"ಅಭ್ಯಾಸ. ಖಾಲಿ ಕಪ್ಪು ಅದು. ಇಲ್ಲದ್ದೆಲ್ಲಾ ತಿಳ್ಕೋಬೇಡಿ."

ಸೆಲಾ ಕೆಲಸವನ್ನು ಚೆನ್ನಾಗಿ ಮಾಡಿದಳು. ಆದರೆ ನಗರದ ಚಾಳಿ ಒಂದಿತ್ತು. ಅಲ್ಲಿ ವಕೀಲರ ದಿನವನ್ನು ಆರಾರು ನಿಮಿಷದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ ಏನು ಮಾಡಿದೆನೆಂದು ಶುಲ್ಕದ ಲೆಕ್ಕಕ್ಕೆ ಬರೆದಿಡಬೇಕು. ಹನ್ನೆರಡು ವರ್ಷ ಹಾಗೆ ಬರೆದವಳು ಇಲ್ಲಿ ಅದನ್ನು ಎಲ್ಲಿ ಬರೆಯಬೇಕೆಂದು ಕೇಳಿದಳು.

"ಆರು ನಿಮಿಷದಲ್ಲಿ ನಮ್ಮೋರು ಮಳೆ ವಿಷಯಾನೇ ಮುಗಿಸಲ್ಲ ಕಣಮ್ಮ," ಎಂದಳು ಗ್ಲೆನಿಸ್. "ಮಾತಾಡೋಕೆ ಬಿಡಿ. ನೀವು ಪೆನ್ನು ಕೆಳಗಿಡಿ."

ಸೆಲಾ ಪೆನ್ನು ಕೆಳಗಿಟ್ಟಳು. ಏಪ್ರಿಲ್ ಮುಗಿಯುವ ಹೊತ್ತಿಗೆ ಊರಿನವರ ಮಳೆಯ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಗ್ಲೆನಿಸ್ ಅವಳನ್ನು 'ನೀವು' ಅನ್ನುವುದನ್ನು ಬಿಟ್ಟು 'ನೀನು' ಅನ್ನತೊಡಗಿದ್ದಳು. ಆದರೂ ಜೂನ್ ಎರಡನೆಯ ವಾರ ನನ್ನ ಕೋಣೆಗೆ ಬಂದು, "ನಾಳೆ ಶುಕ್ರವಾರ. ಬೇಡ ಅಂತ ಬರೆದಿಟ್ಟಿದೀನಿ," ಎಂದು ಟೈಪು ಮಾಡಿದ ಹಾಳೆಯನ್ನು ತೋರಿಸಿದಳು.

"ಕಾರಣ?"

"ಹುಡುಗಿ ಮೇಲೆ ದೂರಿಲ್ಲ. ಆದ್ರೆ ಒಂದು ವಿಲ್ಲಿಗೆ ಸಹಿ ಹಾಕಿಸೋದು ಅಂದ್ರೆ ಆ ಕೋಣೇಲಿ ಇರಬೇಕು ಮಿಸ್ ಹ್ಯಾಲಮ್. ಮನುಷ್ಯನ ಉಸಿರು ಕೇಳಬೇಕು. ಅದಿಲ್ದೆ ನಡೆಸೋದು ಮೋಸ. ಮೋಸ ಮಾಡಿ ಕಚೇರಿ ಉಳಿಸ್ಕೊಳ್ಳೋ ಬದಲು ಲಾರಿ ಬರ್ಲಿ."

ಅವಳ ಮುಖ ನೆಟ್ಟಗಿರಲಿಲ್ಲ. ಕಾಗದವನ್ನು ನಾನು ಓದಲಿಲ್ಲ. ಅವಳೇ ಹೇಳಬೇಕೆಂದು ಹೇಳಿದವಳು ನಾನೇ.

ಅದೇ ಗುರುವಾರ ಹನ್ನೊಂದಕ್ಕೆ ಕ್ಲಾರಿ ನೂನನ್ ಬಂದ. ಎಂಬತ್ನಾಲ್ಕು ವರ್ಷದ ಕುರಿಗಾರ. ಹೆಂಡತಿ ತೀರಿಹೋಗಿದ್ದಾಳೆ, ಒಬ್ಬಳೇ ಮಗಳು ಫೇ, ಡಾರ್ವಿನ್‌ನಲ್ಲಿ ನರ್ಸು. ಜಮೀನು ನೋಡಿಕೊಳ್ಳುವವನು ತಮ್ಮನ ಮಗ ಟ್ರೆಂಟ್. ಕ್ಲಾರಿಯ ಕಣ್ಣು ಮಂಜಾದ ಮೇಲೆ ಅವನನ್ನು ಕಾರಿನಲ್ಲಿ ಕರೆತರುವವನೂ ಅವನೇ.

"ಏನ್ ಗ್ಲೆನ್, ಈ ಡಬ್ಬದೊಳಗೆ ಕೂತಿರೋಳೇ ಏನು ಲಾಯರಮ್ಮ?" ಎಂದ ಕ್ಲಾರಿ, ಹ್ಯಾಟನ್ನು ಮೊಣಕಾಲಿಗೆ ಸಿಕ್ಕಿಸಿ ಕೂರುತ್ತ. "ಇವಳನ್ನ ಆಫ್ ಮಾಡೋ ಗುಂಡಿ ಎಲ್ಲಿದೆ ತೋರಿಸು. ನನ್ನ ಹೆಂಡ್ತಿಗಂತೂ ಇರ್ಲಿಲ್ಲ."

"ನಮಸ್ಕಾರ ಕ್ಲಾರಿ ಅವರೇ. ನಿಮ್ಮ ಕಡೆ ಹದಿನಾಲ್ಕು ಮಿಲಿಮೀಟರ್ ಬಂತಂತೆ?" ಎಂದಳು ಸೆಲಾ.

"ಹದಿನಾರು!" ಎಂದ ಕ್ಲಾರಿ. ಮುಖ ಅರಳಿತು. ಮಳೆಯ ಮಾತು ಕಾಲು ಗಂಟೆ ನಡೆಯಿತು. ಗ್ಲೆನಿಸ್ ಚಹಾ ತಂದಿಟ್ಟು, ತನ್ನ ಬೆರಳಚ್ಚಿನ ಮೇಜಿಗೆ ಹೋದಳು. ನನ್ನ ಕೋಣೆಯ ಬಾಗಿಲು ತೆರೆದಿತ್ತು. ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಸರಿ, ವಿಲ್ಲಿನ ವಿಷಯ ಹೇಳಿ," ಎಂದಳು ಸೆಲಾ.

"ಅದರಲ್ಲೇನಿದೆ. ಎಲ್ಲಾ ಟ್ರೆಂಟ್‌ಗೆ. ಬರ್ಕೋ."

"ಎಲ್ಲಾನೂ?"

"ಎಲ್ಲಾನೂ ಅಂದ್ನಲ್ಲ. ಜಮೀನು, ಕುರಿ, ಮನೆ. ಅವನೇ ತಾನೆ ದುಡಿಯೋನು."

ಸೆಲಾ ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿದಳು. ಚಹಾ ಕಲಕುವ ಚಮಚ ಕಪ್ಪಿಗೆ ತಾಗುವ ಸದ್ದು, ಟಿಣ್ ಟಿಣ್ ಎಂದು.

"ಕ್ಲಾರಿ ಅವರೇ, ಚಹಾಕ್ಕೆ ಸಕ್ಕರೆ ಎಷ್ಟು ನಿಮಗೆ?"

"ಸಕ್ಕರೆಯಾ? ಆ ಡಾಕ್ಟರ್ ಮುಂಡೇದು ನಿಲ್ಲಿಸಿ ಎರಡು ವರ್ಷ ಆಯ್ತು. ಯಾಕೆ?"

"ಹಾಗಾದ್ರೆ ಕಲಕ್ತಾ ಇರೋರು ಯಾರು?"

ಟಿಣ್ ಟಿಣ್ ನಿಂತಿತು.

ಪರದೆಯ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಟ್ರೆಂಟ್ ಚಮಚವನ್ನು ಗಾಳಿಯಲ್ಲಿ ಹಿಡಿದು ಕೂತಿದ್ದ. "ನಾನು," ಎಂದ. "ಟ್ರೆಂಟ್. ಸುಮ್ನೆ ಕೂತಿದೀನಿ ಅಷ್ಟೇ."

"ನಮಸ್ಕಾರ ಟ್ರೆಂಟ್. ಗ್ಲೆನಿಸ್ ಮಾಡಿದ ಚಹಾ ಹೇಗಿದೆ?"

"ಚೆನ್ನಾಗಿದೆ."

"ನನಗೆ ಈವರೆಗೆ ಒಂದು ಗುಟುಕೂ ಸಿಕ್ಕಿಲ್ಲ. ಅದನ್ನ ತಗೊಂಡು ಹೊರಗೆ ವರಾಂಡದಲ್ಲಿ ಕುಡೀರಿ. ಬಿಸಿಲೂ ಇದೆಯಂತೆ. ಬಾಗಿಲು ಹಾಕ್ಕೊಂಡು ಹೋಗಿ, ಮೆಲ್ಲಗೆ. ಗ್ಲೆನಿಸ್, ನೀವೂ ಒಳಗೆ ಹೋಗಿ, ದಯವಿಟ್ಟು."

ಟ್ರೆಂಟ್ ಕಪ್ಪು ಹಿಡಿದು ಹೊರಗೆ ಹೋದ ಮೇಲೆ ಗ್ಲೆನಿಸ್ ಎದ್ದು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಮುಚ್ಚುವ ಮುನ್ನ ಕ್ಲಾರಿಯ ಮಾತು ಇಬ್ಬರಿಗೂ ಕೇಳಿತು. "ಒಳ್ಳೇ ಹುಡುಗಾನೇ ಕಣಮ್ಮ ಅವನು. ಹಗಲೂ ರಾತ್ರಿ ಗೇಯ್ತಾನೆ. ಅವನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ, ಆ ಮನೆ ಅವನಿಗಲ್ಲ, ಫೇಗೆ ಅಂತ. ಅವಳಮ್ಮ ನೆಟ್ಟ ಗುಲಾಬಿ ಇದೆ ಅಲ್ಲಿ."

ಗ್ಲೆನಿಸ್ ಕೂರಲಿಲ್ಲ.

ಉಯಿಲಿನ ಮಾತಾಡುವಾಗ ಕಕ್ಷಿದಾರರು ಒಬ್ಬರೇ ಇರಬೇಕು. ಇದು ನಮ್ಮ ಕಸುಬಿನ ಮೊದಲ ಪಾಠ. ಗ್ಲೆನಿಸ್ ಎಷ್ಟೋ ಸೊಸೆಯರನ್ನು, ಅಳಿಯಂದಿರನ್ನು ನನ್ನ ಕೋಣೆಯ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದಾಳೆ. ಅವರನ್ನು ಕೂರಿಸುತ್ತಿದ್ದದ್ದು ಮುಂದಿನ ಕೋಣೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ. ಅಲ್ಲಿ ಅವರಿಗೆ ಚಹಾ. ನಲವತ್ತೊಂದು ವರ್ಷದ ಆ ಕ್ರಮದಂತೆಯೇ ಅವಳು ಟ್ರೆಂಟ್‌ನನ್ನು ಅಲ್ಲಿ ಕೂರಿಸಿ, ಚಹಾ ಕೊಟ್ಟು, ಸರಿಯಾದದ್ದನ್ನೇ ಮಾಡಿದೆನೆಂದುಕೊಂಡಿದ್ದಳು. ವಕೀಲರು ಈಗ ಆ ಮುಂದಿನ ಕೋಣೆಯಲ್ಲೇ ಇದ್ದಾರೆಂಬುದು ಅವಳಿಗೆ ಹೊಳೆಯಲಿಲ್ಲ.

"ಸಾಕ್ಷಿ ಹಾಕ್ಬಿಡ್ತಿದ್ದೆ ಮಿಸ್ ಹ್ಯಾಲಮ್," ಎಂದಳು. "ಅವನೆದುರಿಗೆ ಹೇಳಿಸಿದ ವಿಲ್ಲಿಗೆ ನನ್ನ ಹೆಸರು ಬರೀತಿದ್ದೆ. ನೀಲಿ ಪೆನ್ನೂ ತೆಗೆದಿಟ್ಟಿದ್ದೆ."

"ನಾನೂ ನೋಡಿದೆ, ಗ್ಲೆನಿಸ್. ಬಾಗಿಲು ತೆರೆದಿತ್ತು."

"ನೋಡಿ ಸುಮ್ನಿದ್ರಾ?"

"ಅವನು ಕೂತದ್ದು ಕಾರು ಓಡಿಸಿಕೊಂಡು ಬಂದವರ ಕುರ್ಚಿ. ಅವನು ಅಲ್ಲಿರುವುದು ಸರಿಯೆಂದೇ ನನಗೂ ಅನ್ನಿಸಿತು."

ಮೂರ್ಖತನದಲ್ಲಿ ಜೊತೆ ಸಿಕ್ಕಿದ್ದರಿಂದ ಅವಳಿಗೆ ತುಸು ಹಗುರಾಯಿತೆಂದು ಕಾಣುತ್ತದೆ. "ಇಲ್ಲೇ ಇದ್ವಿ ಇಬ್ಬರೂ," ಎಂದಳು. "ಎರಡು ಜೋಡಿ ಕಣ್ಣು ಇಟ್ಕೊಂಡು. ಅವಳು ಸಮುದ್ರದಾಚೆ ಕೂತು ಚಮಚ ಕೇಳಿಸ್ಕೊಂಡ್ಲು."

"ಒಂದೂವರೆ ಜೋಡಿ," ಎಂದೆ. ನನ್ನ ಬಲಗಣ್ಣನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ.

ಕ್ಲಾರಿ ಹೊರಗೆ ಬಂದಾಗ ಹ್ಯಾಟು ತಲೆಯ ಮೇಲಿತ್ತು. "ಗುಂಡಿ ಒತ್ತೋ ಅವಶ್ಯಕತೆ ಬೀಳ್ಲಿಲ್ಲ ಗ್ಲೆನ್," ಎಂದ. "ಎಲ್ಲಾ ಆಯ್ತು ಅಂತ ಹೇಳಿ, ಆಮೇಲೂ ಸುಮ್ನೆ ಕೂತೇ ಇರ್ತಾಳಲ್ಲ ಅವಳು. ಇನ್ನೂ ಎರಡು ಮಾತು ಹೇಳಿಸ್ಬಿಟ್ಲು."

ಅಂದರೆ ಬಾಗಿಲ ಹಿಡಿಯ ಮಾತುಗಳಿಗೂ ಅವಳು ಒಂದು ದಾರಿ ಕಂಡುಕೊಂಡಿದ್ದಳು.

ಗ್ಲೆನಿಸ್ ಆ ದಿನ ಮೂರರ ಚಹಾದ ಹೊತ್ತಿಗೆ ಪರದೆಯ ಮುಂದೆ ಕೂತು, ಸುತ್ತಿ ಬಳಸದೆ, "ತಪ್ಪು ನನ್ನದು," ಎಂದಳು.

"ಕುರ್ಚಿದು," ಎಂದಳು ಸೆಲಾ. "ನಾನೇ ಮೊದಲ ದಿನ ಕೇಳಬೇಕಿತ್ತು. ಕೋಣೇಲಿ ಯಾರಿದಾರೆ ಅಂತ ನನಗೆ ಕಾಣಲ್ಲ ಗ್ಲೆನಿಸ್. ಅದಕ್ಕೇ ಕೇಳಿಸ್ಕೋತೀನಿ. ಆದ್ರೆ ಎಲ್ಲರೂ ಸಕ್ಕರೆ ಹಾಕ್ಕೊಳ್ಳಲ್ವಲ್ಲ. ಇನ್ಮೇಲೆ ನೀವೇ ಹೇಳಬೇಕು, ಎಷ್ಟು ಕಪ್ಪು ಒಳಗೆ ಹೋಯ್ತು ಅಂತ. ನೀವಿಲ್ದೆ ನನಗೆ ಆಗಲ್ಲ ಈ ಕೆಲಸ."

ಗ್ಲೆನಿಸ್ ಅತಿಥಿ ಕಪ್ಪನ್ನು ತೆಗೆದುಕೊಂಡು ಹೋಗಿ ತೊಳೆದಳು. ಅದು ಖಾಲಿಯಾಗಿಯೇ ಇತ್ತು.

ಶುಕ್ರವಾರ ಬೆಳಿಗ್ಗೆ ನೋಡಿದರೆ, ಬೇಡವೆಂದು ಬರೆದಿದ್ದ ಕಾಗದದ ಹಿಂಬದಿಯಲ್ಲಿ ಅಂಗಡಿಯಿಂದ ತರಬೇಕಾದ ಸಾಮಾನು ಬರೆದಿತ್ತು. ಅವಳು ಬ್ರೈಸ್‌ಗೆ ಫೋನ್ ಮಾಡಿ, "ಹುಡುಗಿ ನಮ್ಮೋಳು. ಫಾರಂ ಕಳಿಸಿ, ತುಂಬ್ತೀನಿ. ಸಂಸ್ಕೃತಿ ಪ್ರಶ್ನೆ ಮಾತ್ರ ಹಾಕಬೇಡಿ," ಎಂದಳು. ಲಾರಿಯವರಿಗೆ ನಾನು ಎರಡು ಸಾಲು ಬರೆದೆ.

ಮುಂದಿನ ವಾರ ಅವಳು ಮಹಿಳಾ ಸಂಘದ ಮಳಿಗೆಯಿಂದ ಕಂದು ಬಣ್ಣದ ದಪ್ಪ ಕಪ್ಪೊಂದನ್ನು ತಂದಳು. ಅದಕ್ಕೆಂದು ಗೋಡೆಗೆ ಕೊಕ್ಕೆಯನ್ನೂ ಹೊಡೆಸಿದಳು. ಒಂದು ದಿನ ತೂಗುಹಾಕಿ ನೋಡಿ, ಇಳಿಸಿ, ನಮ್ಮೂರ ಪತ್ರಿಕೆಯ ನಾಲ್ಕು ಹಾಳೆಗಳಲ್ಲಿ ಸುತ್ತಿ ಬರ್ನಿಗೆ ಅಂಚೆಯಲ್ಲಿ ಕಳಿಸಿದಳು. ಕೊಕ್ಕೆ ಹಾಗೇ ಇದೆ. ಮರ್ವ್ ಒಮ್ಮೆ ಅದಕ್ಕೆ ಹ್ಯಾಟು ಹಾಕಲು ಹೋಗಿ ಬೈಸಿಕೊಂಡ.

ಕಪ್ಪು ತಲುಪಿದ ದಿನ ಸೆಲಾ ಅದನ್ನು ಪರದೆಯ ಮುಂದೆ ಎತ್ತಿ ಹಿಡಿದಳು. ಸುತ್ತಿದ್ದ ಪತ್ರಿಕೆಯನ್ನೂ ಓದಿದ್ದಳು. "ಡಾಲಿ ಫ್ಯಾರೆಲ್‌ಗೆ ಸ್ಕೋನ್ ಬನ್ ಮಾಡೋ ಸ್ಪರ್ಧೇಲಿ ಎರಡನೇ ಬಹುಮಾನನಾ? ಮೊದಲನೇದು ಯಾರಿಗೆ? ಹಾಳೆ ಅಲ್ಲಿಗೇ ಹರಿದಿದೆ."

"ನನಗೆ," ಎಂದಳು ಗ್ಲೆನಿಸ್, ತಲೆಯೆತ್ತದೆ ಟೈಪು ಮಾಡುತ್ತ.

ಜುಲೈ ಎರಡರಂದು ನಾನು ಕಚೇರಿಗೆ ಹೋದೆ. ನನ್ನದೇ ಉಯಿಲನ್ನು ತಿದ್ದಿಸಬೇಕಿತ್ತು. ತಂಗಿಯ ಮಗಳು ರೋವೀನಾ ಕಾರಿನಲ್ಲಿ ಕರೆತಂದಿದ್ದಳು. ಗ್ಲೆನಿಸ್ ಕಲ್ಲಿನ ಗೋಡೆಗೆ ತೂತು ಕೊರೆಸಿ ತಂತಿಯನ್ನು ನನ್ನ ಹಳೆಯ ಕೋಣೆಗೆ ಎಳೆಸಿದ್ದಳು. ಪರದೆ ಈಗ ನನ್ನ ಮೇಜಿನ ಮೇಲೆ. ಕಕ್ಷಿದಾರರ ಕುರ್ಚಿಯಲ್ಲಿ ನಾನು ಮೊದಲ ಬಾರಿಗೆ ಕೂತೆ. ಅದು ಇಷ್ಟು ತಗ್ಗಾಗಿದೆಯೆಂದು ಇಷ್ಟು ವರ್ಷ ಯಾರೂ ನನಗೆ ಹೇಳಿರಲಿಲ್ಲ.

ಚಹಾ ಬಂತು, ತೆಳು ಅಂಚಿನ ಅತಿಥಿ ಕಪ್ಪಿನಲ್ಲಿ.

"ನನ್ನ ಕಪ್ಪು ಎಲ್ಲಿ?"

"ಸೋಮವಾರ ಪೊಟ್ಟಣ ಕಟ್ಟಿ ಕೊಟ್ಟಿಲ್ವಾ ನಿಮ್ಮ ಕೈಗೆ? ನೀವೀಗ ಕಕ್ಷಿದಾರರು," ಎಂದಳು. ನನ್ನ ಕಣ್ಣನ್ನು ತಪ್ಪಿಸಲಿಲ್ಲ. ಕಪ್ಪಿನ ಹಿಡಿಯನ್ನು ನನ್ನ ಎಡಗಡೆಗೆ ತಿರುಗಿಸಿಟ್ಟಳು, ಒಳ್ಳೆಯ ಕಣ್ಣಿನ ಕಡೆಗೆ.

ಬಾಗಿಲಲ್ಲಿ ರೋವೀನಾ ಇಣುಕಿದಳು. "ದೊಡ್ಡಮ್ಮ ಒಬ್ರೇ ಇರ್ತಾರಾ? ಅವರಿಗೆ ಸಣ್ಣಕ್ಷರ ಕಾಣ್ಸಲ್ಲ, ನಾನು ಪಕ್ಕದಲ್ಲಿ..."

"ವರಾಂಡದಲ್ಲಿ ಹೊಸ ಬೆಂಚು ಹಾಕ್ಸಿದೀನಿ," ಎಂದಳು ಗ್ಲೆನಿಸ್. "ನಿನ್ನ ಚಹಾ ಅಲ್ಲೇ ಇದೆ. ಹೋಗಮ್ಮ. ಸಣ್ಣಕ್ಷರ ಅವಳು ಗಟ್ಟಿಯಾಗಿ ಓದಿ ಹೇಳ್ತಾಳೆ."

ಪರದೆಯ ಮೇಲೆ ಸೆಲಾ ಕಂದು ಕಪ್ಪನ್ನು ಕೆಳಗಿಟ್ಟಳು. ನನಗೆ ತಲೆಬಾಗಿ ನಮಸ್ಕಾರ ಹೇಳಿ, ನನ್ನ ಭುಜದ ಆಚೆಗೆ ಧ್ವನಿಯೇರಿಸಿ ಕೇಳಿದಳು.

"ಗ್ಲೆನಿಸ್, ಎಷ್ಟು ಕಪ್ಪು?"

"ಒಂದೇ," ಎಂದಳು ಗ್ಲೆನಿಸ್. ಕೋಣೆಯನ್ನೊಮ್ಮೆ, ಬೀರುವಿನ ಸಂದಿಯವರೆಗೂ, ನೋಡಿ ಹೊರಗೆ ಹೋಗಿ ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು.